ಶ್ರೀರಾಮಪ್ಪನ ತೋಟದವರೆಗೆ

ಶನಿವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಗರಗೆರೆಯಲ್ಲಿ ಅಮ್ಮ ನನ್ನನ್ನು ಹತ್ತಿಸಿದಳು. ಆಷಾಢದ ಗಾಳಿ ಬೀಸುತ್ತಿತ್ತು. ಮಳೆ ಬರುತ್ತೇನೆ ಬರುತ್ತೇನೆ ಎಂದು ಹೆದರಿಸುತ್ತಿತ್ತೇ ಹೊರತು ಬರುತ್ತಿರಲಿಲ್ಲ. ಅಮ್ಮ ಕಿಟಕಿಯಿಂದ ಚಿತ್ರಾನ್ನದ ಡಬ್ಬಿ ಕೊಟ್ಟು, "ಹೋದ ತಕ್ಷಣ ಹೇಳೋದನ್ನ ಹೇಳ್ಬಿಡು ಕಣಮ್ಮ. ಅವ್ರು ಊಟ ಹಾಕಿ, ನೀನು ಉಂಡು, ಆಮೇಲೆ ಹೇಳೋದಲ್ಲ" ಎಂದಳು. ಕಂಡಕ್ಟರ್ ಉಚಿತ ಟಿಕೆಟ್ ಹರಿದುಕೊಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಮೇಲೆ ನಮ್ಮ ಕಡೆಯವರು ತವರಿಗೆ, ಗುಡಿಗೆ, ಮದುವೆಗೆ, ಆಸ್ಪತ್ರೆಗೆ ಹೊರಡುವುದನ್ನು ನೋಡಿದ್ದೇನೆ. ತಪ್ಪು ಒಪ್ಪಿಕೊಳ್ಳುವುದಕ್ಕೆಂದು ಆಧಾರ್ ಕಾರ್ಡು ತೋರಿಸಿ ಹೊರಟವಳು ಬಹುಶಃ ನಾನೊಬ್ಬಳೇ.

ತಪ್ಪು ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಚಿಕ್ಕಬಳ್ಳಾಪುರದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿ ಕೊನೆಯ ವರ್ಷ ಓದುತ್ತಿದ್ದೇನೆ. ಬಾಯಿ ದೊಡ್ಡದು, ಹಾಗಾಗಿ ಯಾವ ಕೆಲಸಕ್ಕೂ ನನ್ನನ್ನೇ ಲೀಡರ್ ಮಾಡುತ್ತಾರೆ. ಮೇ ತಿಂಗಳಲ್ಲಿ ನಮ್ಮ ಕಾಲೇಜಿನ ಸೇವಾ ಶಿಬಿರ ಚಿಂತಾಮಣಿ ತಾಲ್ಲೂಕಿನಲ್ಲಿ, ಅಂಬಾಜಿದುರ್ಗದ ಬೆಟ್ಟದ ಕೆಳಗಿನ ಒಂದು ಊರಿನಲ್ಲಿ ಏಳು ದಿನ ನಡೆಯಿತು. ಊರಿನ ಹೆಸರು ಬೇಡ. ಹನ್ನೆರಡು ಹುಡುಗಿಯರಿಗೆ ಲಕ್ಷ್ಮೀದೇವಮ್ಮ ಎಂಬುವರು ತಮ್ಮ ಮನೆಯ ಹಜಾರವನ್ನೇ ಬಿಟ್ಟುಕೊಟ್ಟಿದ್ದರು. ಹಜಾರದ ಗೋಡೆಯಾಚೆಗೆ ಅವರು ರೇಷ್ಮೆ ಹುಳು ಸಾಕುವ ಕೋಣೆ, ಹುಳುಮನೆ. ನಡುವೆ ಒಂದು ಕಿಟಕಿ, ಅದಕ್ಕೆ ಬರೀ ನೈಲಾನ್ ಪರದೆ.

ಮೊದಲ ದಿನವೇ ಅವರು ಎಲ್ಲರನ್ನೂ ಕೂರಿಸಿ ಹೇಳಿದ್ದರು. ಚಪ್ಪಲಿ ಹೊರಗೆ. ಪೌಡರು, ಸೆಂಟು, ಹೂವು ಬೇಡ. ಸೊಳ್ಳೆ ಕಾಯಿಲ್ ಹಚ್ಚಲೇ ಕೂಡದು. ಹುಳು ಎಳೇ ಮಗುವಿಗಿಂತ ನಾಜೂಕು, ವಾಸನೆ ತಡೆಯುವುದಿಲ್ಲ, ಹೊಗೆಯಂತೂ ಮೊದಲೇ ಇಲ್ಲ. ನಾನು ಲೀಡರ್ ಅಲ್ಲವೇ, ಅವರು ಹೇಳಿದ್ದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಮಲ್ಲಿಗೆ ಮುಡಿದು ಬಂದ ಹುಡುಗಿಯೊಬ್ಬಳನ್ನು ಎಲ್ಲರೆದುರು ಬೈದು ಹೂ ತೆಗೆಸಿದೆ.

ಐದನೇ ದಿನ ಬುದ್ಧ ಪೂರ್ಣಿಮೆ. ನಮ್ಮದು ಬೌದ್ಧರ ಮನೆ; ನಮ್ಮ ತಾತನ ಕಾಲದಿಂದ. ಆ ಸಂಜೆ ಮಿಕ್ಕವರೆಲ್ಲ ಶಾಲೆಯ ಹತ್ತಿರ ನಾಟಕದ ತಾಲೀಮಿಗೆ ಹೋಗಿದ್ದಾಗ ನಾನೊಬ್ಬಳೇ ಕಿಟಕಿಯ ಕಟ್ಟೆಯ ಮೇಲೆ ಬುದ್ಧನ ಚಿಕ್ಕ ಫೋಟೋ ಇಟ್ಟು, ಬ್ಯಾಗಿನಲ್ಲಿ ಕೈಗೆ ಸಿಕ್ಕ ಪೊಟ್ಟಣದಿಂದ ಒಂದು ಊದುಬತ್ತಿ ತೆಗೆದು ಹಚ್ಚಿ, ವಂದನೆ ಹೇಳಿದೆ. ಕಾಯಿಲ್ ಬೇಡ ಎಂದಿದ್ದರು, ಊದುಬತ್ತಿ ಬೇಡ ಎಂದಿರಲಿಲ್ಲ. ಹೊಗೆ ಬೇಡ ಎಂದರೆ ಊದುಬತ್ತಿಯೂ ಬಂತು ಎಂದು ನನಗೆ ಹೊಳೆಯಲೇ ಇಲ್ಲ. ದೇವರ ಮುಂದಿನ ಹೊಗೆಯನ್ನು ನಮ್ಮಲ್ಲಿ ಯಾರೂ ಹೊಗೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಅದು ಪೂಜೆಯ ಊದುಬತ್ತಿಯೇ ಅಲ್ಲ. ಹಳ್ಳಿಯಲ್ಲಿ ಸೊಳ್ಳೆ ಕಾಟ ಎಂದು ಅಮ್ಮ ಬ್ಯಾಗಿಗೆ ಹಾಕಿದ್ದ, ಸೊಳ್ಳೆ ಕೊಲ್ಲುವ ಊದುಬತ್ತಿ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಹುಳುಗಳು ತಲೆ ಕೊಡವುತ್ತಾ ಹಸಿರು ಕಾರಿಕೊಂಡು ಮುದುಡತೊಡಗಿದವು. ಇನ್ನು ನಾಲ್ಕು ದಿನ ಸೊಪ್ಪು ತಿಂದಿದ್ದರೆ ಗೂಡು ಕಟ್ಟುತ್ತಿದ್ದ ಹುಳುಗಳು. ಕಿಟಕಿಯ ಕಡೆಯ ತಟ್ಟೆಗಳಲ್ಲಿ ಒಂದೂ ಉಳಿಯಲಿಲ್ಲ. ಲಕ್ಷ್ಮೀದೇವಮ್ಮನ ಮೈದುನ ನಾಗರಾಜ ಅಂಗಳದಲ್ಲಿ ನಿಂತು, "ಯಾರ್ಯಾರ್ನೋ ಒಳಗೆ ಬಿಟ್ಕೊಂಡ್ರೆ ಹಿಂಗೇ ಆಗೋದು" ಎಂದ. ಯಾರ್ಯಾರೋ ಎಂದರೆ ಯಾರು ಎಂದು ನನಗೆ ತಿಳಿಯಿತು. ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಲಕ್ಷ್ಮೀದೇವಮ್ಮ ಮಾತ್ರ ಬಿಡಲಿಲ್ಲ. "ನನ್ ಮನೇಲಿರೋ ಹುಡುಗೀರ್ನ ಏನೂ ಅನ್ಬೇಡ" ಎಂದು ಅವನ ಬಾಯಿ ಮುಚ್ಚಿಸಿ, ನೇರ ಬೇಲಿಯ ಹತ್ತಿರ ಹೋದರು. ಪಕ್ಕದ ತೋಟದ ಶ್ರೀರಾಮಪ್ಪ ಹಿಂದಿನ ದಿನ ಬೆಳಿಗ್ಗೆ ಟೊಮೇಟೊಗೆ ಔಷಧಿ ಹೊಡೆದಿದ್ದ. ಅದು ಗಾಳಿಗೆ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದು ಹುಳು ಸತ್ತಿವೆ ಎಂದು ಅವರ ತೀರ್ಮಾನ. ಊರೆಲ್ಲ ಕೇಳುವಂತೆ ಬೈದರು. ಆ ಮನುಷ್ಯ ತಲೆ ತಗ್ಗಿಸಿ ನಿಂತಿದ್ದ. ನಾನು ಹಜಾರಕ್ಕೆ ಹೋಗಿ ಪೊಟ್ಟಣದ ಮೇಲಿನ ಸೊಳ್ಳೆಯ ಚಿತ್ರ ನೋಡಿ, ಅದನ್ನು ಬ್ಯಾಗಿನ ತಳಕ್ಕೆ ತುರುಕಿದೆ. ಬಾಯಿ ದೊಡ್ಡದು ಎಂದೆನಲ್ಲ, ಬೇಕಾದ ಹೊತ್ತಿಗೆ ಅದು ತೆರೆಯಲಿಲ್ಲ.

ಎರಡು ತಿಂಗಳು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾನು ಒಪ್ಪಿಕೊಂಡರೆ ನಾಗರಾಜನ ಮಾತು ನಿಜವಾಗುತ್ತದೆ, ನಮ್ಮವರಿಗೆ ಕೆಟ್ಟ ಹೆಸರು ಬರುತ್ತದೆ, ಮುಂದೆ ಯಾರೂ ನಮ್ಮ ಹುಡುಗಿಯರನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು. ಇದರಲ್ಲಿ ನಿಜವೂ ಇತ್ತು, ಅದಕ್ಕೇ ಅದರ ಹಿಂದೆ ಅವಿತುಕೊಳ್ಳುವುದು ಸುಲಭವಾಗಿತ್ತು. ಆದರೆ ಮನೆಗೆ ಹೋದಾಗಲೆಲ್ಲ ಬೆಳಿಗ್ಗೆ ಅಮ್ಮನ ಜೊತೆ ಐದು ಶೀಲಗಳನ್ನು ಹೇಳಬೇಕು. ನಾಲ್ಕನೆಯದು ಸುಳ್ಳಾಡುವುದಿಲ್ಲ ಎನ್ನುವುದು. ಅಷ್ಟರಲ್ಲಿ ಕಾಲೇಜಿನಲ್ಲಿ ಈ ವರ್ಷದ ಉತ್ತಮ ವಿದ್ಯಾರ್ಥಿ ನಾಯಕಿ ಪ್ರಶಸ್ತಿಗೆ ನನ್ನ ಹೆಸರು ಬರೆದು, ಸೋಮವಾರ ವೇದಿಕೆಯ ಮೇಲೆ ಶಿಬಿರದ ಅನುಭವ ಹೇಳಬೇಕು ಎಂದರು. ಶುಕ್ರವಾರ ಸಂಜೆ ಊರಿಗೆ ಬಂದು ಅಮ್ಮನಿಗೆ ಸುದ್ದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ, "ಸಂತೋಷ. ಆದ್ರೆ ಎರಡ್ ತಿಂಗ್ಳಿಂದ ನಾಲ್ಕನೇ ಶೀಲ ಬಂದಾಗೆಲ್ಲ ಕೆಮ್ತೀಯಲ್ಲ, ಏನಾಗಿದೆ ನಿಂಗೆ?" ಎಂದಳು. ಅಂಗನವಾಡಿ ಟೀಚರ್ ಅವಳು. ಮೂವತ್ತು ಮಕ್ಕಳ ಕಳ್ಳಾಟ ನೋಡುವ ಕಣ್ಣು. ಎಲ್ಲಾ ಹೇಳಿ ಅತ್ತೆ. ಪೊಟ್ಟಣ ಇಟ್ಟವಳು ತಾನು ಎಂದು ಅವಳೂ ಅತ್ತಳು. ಕಣ್ಣೊರೆಸಿಕೊಂಡು ಎದ್ದವಳೇ ಬಸ್ಸಿನ ವೇಳೆ ಕೇಳಿದಳು.

ಗೌರಿಬಿದನೂರು ತಲುಪುವಾಗ ಏಳೂಕಾಲು ದಾಟಿತ್ತು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ, ಒಂದು ವಡೆ ತಿಂದೆ. ಹೆದರಿಕೆಯಾದರೆ ನನಗೆ ಹಸಿವು ಜಾಸ್ತಿ. ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಪಕ್ಕಕ್ಕೆ ಒಬ್ಬ ಅಜ್ಜಿ ಸೇವಂತಿಗೆ ಹೂವಿನ ಗಂಟಿನ ಸಮೇತ ಕುಳಿತರು. ನನ್ನ ಹೆಸರು ಕೇಳಿದರು. ಸಂಘಮಿತ್ರಾ ಎಂದೆ. "ಅಂದ್ರೆ ಸ್ತ್ರೀಶಕ್ತಿ ಸಂಘದೋಳಾ? ನಮ್ಮೂರಿಗೂ ಬಾಮ್ಮ, ನಮ್ಮ ಸಂಘದಲ್ಲಿ ಬರೀ ಜಗಳ" ಎಂದರು. ನಾನು ನಕ್ಕೆ. ಬುದ್ಧನ ಧರ್ಮ ಹೇಳಲು ಸಮುದ್ರ ದಾಟಿ ಹೋದ ಹೆಣ್ಣುಮಗಳ ಹೆಸರು ಅದು ಎಂದು ವಿವರಿಸಿದೆ. "ಅಷ್ಟ್ ದೂರ ಒಬ್ಳೇ ಹೋದ್ಲಾ? ಧೈರ್ಯ ಬೇಕು ಬಿಡು" ಎಂದು ನನ್ನ ಕೈಗೆ ಎರಡು ಹೂ ಕೊಟ್ಟರು. ಚಿಂತಾಮಣಿಗೆ ಹೋಗಲೇ ನಡುಗುತ್ತಿದ್ದವಳಿಗೆ ಅಷ್ಟು ದೊಡ್ಡ ಹೆಸರು ಹೊರುವುದು ಭಾರವೆನ್ನಿಸಿತು. ಮಂಚೇನಹಳ್ಳಿ ದಾಟಿದ ಮೇಲೆ ರಸ್ತೆ ಬೆಟ್ಟಗಳ ನಡುವೆ ನುಗ್ಗುತ್ತದೆ. ಆ ಕಡೆ ಈ ಕಡೆ ದ್ರಾಕ್ಷಿ ಚಪ್ಪರ, ಗುಲಾಬಿ ತೋಟ, ಮೋಡ ತಗುಲಿದ ಬಂಡೆಗಳು. ಸುಮಾರು ನಲವತ್ತು ಕಿಲೋಮೀಟರು, ಒಂದು ಗಂಟೆಯ ದಾರಿ.

ಚಿಕ್ಕಬಳ್ಳಾಪುರದಲ್ಲಿ ಇಳಿದಾಗ ಮನಸ್ಸು ಆಟ ಶುರುಮಾಡಿತು. ಹಾಸ್ಟೆಲು ಅಲ್ಲಿಂದ ಹತ್ತು ನಿಮಿಷದ ನಡಿಗೆ. ಹೋಗಿ ಮಲಗಿ, ಸೋಮವಾರ ಸೀರೆ ಉಟ್ಟು ಪ್ರಮಾಣಪತ್ರ ಈಸಿಕೊಂಡರೆ ಯಾರು ಕೇಳುತ್ತಾರೆ? ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಪ್ಪತ್ತು ನಿಮಿಷ ಕುಳಿತೆ. ಶಿಡ್ಲಘಟ್ಟದ ಒಂದು ಬಸ್ಸು ಹೋಗಿಬಿಟ್ಟಿತು. ಪ್ರಾರ್ಥನೆ ಮಾಡಿದೆ ಎಂದು ಬರೆಯಲು ಚೆನ್ನಾಗಿರುತ್ತದೆ, ಆದರೆ ಮಾಡಲಿಲ್ಲ. ಶ್ರೀರಾಮಪ್ಪ ತಲೆ ತಗ್ಗಿಸಿ ನಿಂತಿದ್ದೇ ಕಣ್ಣ ಮುಂದೆ ಬರುತ್ತಿತ್ತು. ಮುಂದಿನ ಬಸ್ಸು ಬಂದಾಗ ಹತ್ತಿದೆ. ನನ್ನ ನಂಬಿಕೆ ಎಂಬುದು ಆವತ್ತು ಅಷ್ಟೇ ಇತ್ತು, ಎದ್ದು ಬಸ್ಸು ಹತ್ತುವಷ್ಟು.

ಶಿಡ್ಲಘಟ್ಟಕ್ಕೆ ಹದಿನೇಳೋ ಹದಿನೆಂಟೋ ಕಿಲೋಮೀಟರು. ಅಲ್ಲಿ ನನ್ನ ಗೆಳತಿ ಶಬಾನಾಳ ಮನೆ. ಅವಳೂ ಶಿಬಿರಕ್ಕೆ ಬಂದಿದ್ದಳು, ಆದರೆ ಊದುಬತ್ತಿಯ ವಿಷಯ ಅವಳಿಗೂ ಹೇಳಿರಲಿಲ್ಲ. ಅವಳ ತಂದೆ ಗೂಡು ಕುದಿಸಿ ನೂಲು ತೆಗೆಯುವ ಸಣ್ಣ ಕಾರ್ಖಾನೆ ನಡೆಸುತ್ತಾರೆ. ಬೀದಿಗೆ ಕಾಲಿಡುವಾಗಲೇ ಬೇಯುತ್ತಿರುವ ಗೂಡಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ಊರವರಿಗೆ ಅದು ಅನ್ನದ ವಾಸನೆ. ನಾನು ಅಲ್ಲಿ ಇಳಿದದ್ದಕ್ಕೆ ಒಂದು ಕಳ್ಳ ಕಾರಣವೂ ಇತ್ತು. ಒಂದು ಊದುಬತ್ತಿಯಿಂದ ಅಷ್ಟು ಹುಳು ಸಾಯುವುದಿಲ್ಲ ಎಂದು ತಿಳಿದವರ ಬಾಯಿಂದ ಕೇಳಿದರೆ ವಾಪಸ್ ಹೋಗಬಹುದಿತ್ತಲ್ಲ.

ಶಬಾನಾ ನನ್ನ ಕಥೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅರೆ, ನನ್ ತಲೆಯಿಂದ ಮಲ್ಲಿಗೆ ಕಿತ್ತಾಕಿಸ್ದೆಯಲ್ಲೇ ನೀನು! ಎಲ್ಲರ್ ಎದುರಿಗೆ!" ಎಂದಳು. ಹೌದು, ಆ ಹುಡುಗಿ ಇವಳೇ. ನಾನು ಅಳುವಂತಾಗಿದ್ದನ್ನು ನೋಡಿ ಕೈ ಹಿಡಿದು ತಂದೆಯ ಹತ್ತಿರ ಕರೆದುಕೊಂಡು ಹೋದಳು. ಅವರು ಬಿಸಿನೀರಿನ ತೊಟ್ಟಿಯ ಮುಂದೆ ನಿಂತು ಗೂಡು ತಿರುವುತ್ತಿದ್ದರು. ಬ್ಯಾಗಿನಿಂದ ಪೊಟ್ಟಣ ತೆಗೆದು ತೋರಿಸಿದೆ. ಕನ್ನಡಕ ಹಣೆಗೇರಿಸಿ ಹಿಂದುಗಡೆಯ ಸಣ್ಣ ಅಕ್ಷರಗಳನ್ನು ಓದಿದರು.

"ಎಷ್ಟ್ ದೂರದಲ್ಲಿ ಹಚ್ಚಿದೆ ಬೇಟಿ?"

"ಕಿಟಕಿ ಕಟ್ಟೆ ಮೇಲೆ."

"ಗಾಳಿ?"

"ಒಳಕ್ಕೆ ಬೀಸ್ತಿತ್ತು."

"ಹಂಗಾದ್ರೆ ಇದೇ" ಎಂದು ಪೊಟ್ಟಣ ವಾಪಸ್ ಕೊಟ್ಟರು. "ಸುಳ್ಳ್ ಹೇಳಿ ನಿನ್ನ ಖುಷಿ ಮಾಡ್ಬೋದು. ಆದ್ರೆ ಹಸಿರು ಕಾರ್ಕೊಂಡು ತಲೆ ಒದರ್ತು ಅಂತೀಯ, ಅದು ಇದರದ್ದೇ ಕೆಲಸ. ಟೊಮೇಟೊ ಔಷಧಿ ಸೊಪ್ಪಿನ್ ಮೇಲೆ ಬಿದ್ದಿದ್ರೆ ತಿಂದಿದ್ದೆಲ್ಲಾ ಸಾಯ್ತಿತ್ತು, ಕಿಟಕಿ ಪಕ್ಕದ್ದು ಮಾತ್ರ ಯಾಕ್ ಸಾಯುತ್ತೆ?"

ಇಷ್ಟು ಸರಳವಾದ ಪ್ರಶ್ನೆ ಎರಡು ತಿಂಗಳಲ್ಲಿ ನನ್ನ ತಲೆಗೆ ಬಂದಿರಲಿಲ್ಲ. ಬರಲು ನಾನು ಬಿಟ್ಟಿರಲಿಲ್ಲ ಎನ್ನುವುದು ಸರಿ. ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿದ್ದವು, ಒಳಗೆ ಹುಳುಗಳು ಬೇಯುತ್ತಿದ್ದವು. ಕೊಲ್ಲಬೇಡ ಎನ್ನುವುದು ನಮ್ಮ ಮೊದಲ ಶೀಲ. ರೇಷ್ಮೆಯ ಊರಿನಲ್ಲಿ ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾಲ್ಕನೆಯದರಲ್ಲಿ ಮಾತ್ರ ಅಂಥ ತೊಡಕೇನೂ ಇರಲಿಲ್ಲ.

ಅಲ್ಲಿಂದಲೇ ಶಿಬಿರ ನಡೆಸಿದ್ದ ನಮ್ಮ ಮೇಷ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿ, ನನ್ನ ಹೆಸರು ತೆಗೆದುಬಿಡಿ ಎಂದೆ. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. "ಮೊದಲು ಆ ಮನೆಗೆ ಹೋಗಿ ಬಾ. ಅವರು ಏನನ್ನುತ್ತಾರೋ ಕೇಳಿಕೊಂಡು ನನಗೆ ಹೇಳು" ಎಂದಷ್ಟೇ ಹೇಳಿದರು. ನಾಳೆ ಹೋದರಾಯಿತೆಂದು ಶಬಾನಾಳ ತಾಯಿ ಆವತ್ತು ಅಲ್ಲೇ ಉಳಿಸಿಕೊಂಡು, ರಾತ್ರಿಗೆ ಖುಷ್ಕಾ ಅನ್ನ, ಬೇಳೆಯ ದಾಲ್ಚಾ ಬಡಿಸಿದರು. ಅಮ್ಮನ ಚಿತ್ರಾನ್ನವನ್ನು ಅವರೆಲ್ಲ ಹಂಚಿಕೊಂಡು ತಿಂದರು. ನಾಳೆ ತಾನೂ ಬರುತ್ತೇನೆಂದು ಶಬಾನಾ ಹೇಳಿದಾಗ ಬೇಡ ಎಂದೆ. "ನಿನ್ಗೋಸ್ಕರ ಅಲ್ಲ ಕಣೇ, ಆ ಯಮ್ಮ ನಿನ್ನ ಬೈಯೋದು ನೋಡೋಕೆ" ಎಂದಳು. ಅವಳ ಋಣ ನಾನು ಯಾವತ್ತು ತೀರಿಸುತ್ತೇನೋ.

ಭಾನುವಾರ ಎಂಟು ಗಂಟೆಗೆ ಹೊರಟೆವು. ಚಿಂತಾಮಣಿಗೆ ಮೂವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ದಾರಿಯುದ್ದಕ್ಕೂ ಹಿಪ್ಪುನೇರಳೆ, ಟೊಮೇಟೊ, ಮತ್ತೆ ಹಿಪ್ಪುನೇರಳೆ. ಎರಡೂ ಪಕ್ಕಪಕ್ಕ ಬೆಳೆಯುವ ಸೀಮೆ ಇದು, ಒಂದಕ್ಕೆ ಔಷಧಿ ಇಲ್ಲದೆ ನಡೆಯದು, ಇನ್ನೊಂದಕ್ಕೆ ಔಷಧಿ ತಾಗಿದರೆ ಆಗದು. ಬೇಲಿಯ ಎರಡು ಕಡೆಯವರು ಗಾಳಿ ನೋಡಿಕೊಂಡು, ಒಬ್ಬರಿಗೊಬ್ಬರು ಹೇಳಿಕೊಂಡು ಬದುಕಬೇಕು. ಚಿಂತಾಮಣಿ ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದವು. ಬರಿಗೈಲಿ ಹೋಗಬಾರದೆಂದು ಒಂದು ಡಜನ್ ಬಾಳೆಹಣ್ಣು ಕೊಂಡೆ. ಶೇರ್ ಆಟೋದಲ್ಲಿ ತಲಾ ಇಪ್ಪತ್ತು ರೂಪಾಯಿ. ಏಳೆಂಟು ಕಿಲೋಮೀಟರು ಹೋಗುವಷ್ಟರಲ್ಲಿ ಅಂಬಾಜಿದುರ್ಗದ ಬೆಟ್ಟ ಎದುರಾಯಿತು.

ಊರಿಗೆ ಹೋದ ಗಳಿಗೆ ಅದಕ್ಕಿಂತ ಕೆಟ್ಟದಾಗಿರಲು ಸಾಧ್ಯವಿರಲಿಲ್ಲ. ಲಕ್ಷ್ಮೀದೇವಮ್ಮನ ಮನೆಯಲ್ಲಿ ಮುಂದಿನ ಬೆಳೆಯ ಹುಳು ಹಣ್ಣಾಗಿತ್ತು. ಹಣ್ಣಾಗುವುದೆಂದರೆ ಹುಳು ತಿನ್ನುವುದು ನಿಲ್ಲಿಸಿ, ಮೈ ಹಳದಿಯಾಗಿ, ಗೂಡು ಕಟ್ಟಲು ತಲೆ ಎತ್ತುವುದು. ಆವತ್ತೇ ಒಂದೊಂದನ್ನೂ ಕೈಯಿಂದ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟಿ, ಚಂದ್ರಿಕೆಯ ಮೇಲೆ ಬಿಡಬೇಕು, ತಡವಾದರೆ ನೂಲೆಲ್ಲ ತಟ್ಟೆಯಲ್ಲೇ ಹಾಳು. ಇಂಥ ದಿನ ಅಕ್ಕಪಕ್ಕದ ಮನೆಯವರು ಮುಯ್ಯಾಳಾಗಿ ಬರುವುದು ಪದ್ಧತಿ: ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು, ಕೂಲಿ ಇಲ್ಲ. ಆ ದಿನ ಬೇಲಿಯಾಚೆಯಿಂದ ಯಾರೂ ಬಂದಿರಲಿಲ್ಲ, ಒಳಗೆ ಲಕ್ಷ್ಮೀದೇವಮ್ಮ, ನಾಗರಾಜ, ಅವನ ಹೆಂಡತಿ, ಮೂವರೇ ಇದ್ದರು.

"ಅಯ್ಯೋ, ನಮ್ ಲೀಡರಮ್ಮ!" ಎಂದು ಬಾಗಿಲಿಗೆ ಬಂದ ಲಕ್ಷ್ಮೀದೇವಮ್ಮನ ಮುಖ ಅರಳಿತು. "ಬಾ ಬಾ, ಕಾಫಿ ಕುಡ್ದು ಒಂದ್ ಕೈ ಹಾಕು, ಆಳಿಲ್ಲ ಇವತ್ತು."

"ಮೊದ್ಲು ಒಂದ್ ಮಾತು ಹೇಳ್ಬೇಕಮ್ಮ" ಎಂದು, ಅಂಗಳದಲ್ಲೇ ನಿಂತು ಹೇಳಿದೆ. ಹುಣ್ಣಿಮೆ, ಕಿಟಕಿ, ಊದುಬತ್ತಿ, ಪೊಟ್ಟಣ. ಅವರು ಶ್ರೀರಾಮಪ್ಪನನ್ನು ಬೈಯುವಾಗ ನನಗೆ ಗೊತ್ತಿತ್ತು ಎನ್ನುವುದನ್ನೂ ಹೇಳಿದೆ. ಅದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. "ನಾನು ಹೇಳಿದ್ರೆ, ನಮ್ಮೋರನ್ನ ಒಳಗೆ ಬಿಟ್ಟಿದ್ದಕ್ಕೇ ಹಿಂಗಾಯ್ತು ಅಂತಾರೆ ಅಂತ ಭಯ ಆಯ್ತು. ಅದಕ್ಕೆ ಬಾಯಿ ಮುಚ್ಕೊಂಡೆ."

ಅವರ ಕೈಯಲ್ಲಿ ಎರಡು ಹಣ್ಣು ಹುಳು ಹಾಗೇ ಇದ್ದವು. "ಗೋಡೆಗೆ ಬರ್ದು ಅಂಟಿಸಿದೋಳು ನೀನೇ ಅಲ್ವೇನೇ?" ಎಂದರು.

"ಹೌದಮ್ಮ."

"ಹೋಗು. ನನ್ ಕಣ್ಮುಂದೆ ನಿಲ್ಬೇಡ ಈಗ."

ಬಾಗಿಲು ಹಾಕಿಕೊಂಡರು. ನಾನು, ಶಬಾನಾ ಇಬ್ಬರೂ ದಾರಿಯ ಪಕ್ಕದ ಹೊಂಗೆ ಮರದ ಕೆಳಗೆ ಕುಳಿತೆವು. ಗಾಳಿಗೆ ಎಲೆ ಉದುರುತ್ತಿತ್ತು. ಬೈಯುವುದನ್ನು ನೋಡಲು ಬಂದಿದ್ದ ಶಬಾನಾ ಬಾಳೆಹಣ್ಣಿನ ಚೀಲ ಹಿಡಿದುಕೊಂಡಿದ್ದಳು. ಒಂದು ಗಂಟೆಗೆ ಕಡಿಮೆಯಿಲ್ಲ. ಹೊರಟುಬಿಡೋಣ ಎಂದು ನಾನು ಎರಡು ಸಲ ಎದ್ದೆ, ಎರಡು ಸಲವೂ ಅವಳು ಚೂಡಿದಾರದ ಅಂಚು ಹಿಡಿದು ಕೂರಿಸಿದಳು.

ಕೊನೆಗೆ ನಾಗರಾಜ ಸೊಪ್ಪಿನ ಕಡ್ಡಿ ಹೊತ್ತುಕೊಂಡು ಹೊರಗೆ ಬಂದ. ನಮ್ಮನ್ನು ನೋಡಿ, ಒಳಗೆ ಕೇಳಲಿ ಎಂದೇ ಗಟ್ಟಿಯಾಗಿ, "ನಾನು ಆವತ್ತೇ ಹೇಳ್ಲಿಲ್ವಾ ಅತ್ಗೆ? ಯಾರ್ಯಾರ್ನ ಎಲ್ಲೆಲ್ಲಿ ಇಡ್ಬೇಕೋ ಅಲ್ಲೇ ಇಡ್ಬೇಕು" ಎಂದ.

ನಾನು ಹೆದರಿದ್ದ ಮಾತು ಅದೇ, ಬಂದೇಬಿಟ್ಟಿತು. ಲಕ್ಷ್ಮೀದೇವಮ್ಮ ಬಾಗಿಲಿಗೆ ಬಂದರು. "ನಿಮ್ಮಮ್ಮ ಒಂದ್ಸಲ ಶನಿವಾರದ ಪೂಜೆ ಅಂತ ಸಾಂಬ್ರಾಣಿ ಹಾಕಿ ಮನೆ ತುಂಬ ಹೊಗೆ ಎಬ್ಬಿಸಿ, ಇಡೀ ಬೆಳೆ ಸಾಯಿಸಿದ್ಲಲ್ಲ, ನೆನಪಿದೆಯೇನೋ? ಆವತ್ತು ನೀನು ಅವಳ ಜಾತಿ ಕೇಳಿದ್ಯಾ?"

ನಾಗರಾಜ ಕಡ್ಡಿಯ ಹೊರೆ ಹೊತ್ತುಕೊಂಡು ಹಿತ್ತಲ ಕಡೆ ನಡೆದ. ಅವನು ಬದಲಾದನೋ ಇಲ್ಲವೋ ನಾನು ಹೇಳಲಾರೆ. ನಾನು ಮಾತ್ರ ಗಳಗಳನೆ ಅತ್ತುಬಿಟ್ಟೆ. ಇಂಥವರ ಮನೆಯಲ್ಲಿ ಏಳು ದಿನ ಉಂಡು ಅವರನ್ನು ನಂಬದೆ ಹೋದೆನಲ್ಲ ಎಂದು ನಾಚಿಕೆಯಾಯಿತು.

"ಅಳು ಸಾಕು" ಎಂದರು ಅವರು. ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ. "ನನ್ ಹತ್ರ ಹೇಳಿದ್ದಾಯ್ತು. ಅವನ್ ಹತ್ರ ಹೇಳೋರ್ಯಾರು? ನಡಿ." ಕೈ ತೊಳೆದುಕೊಂಡು ಸೆರಗಿಗೆ ಒರೆಸಿಕೊಂಡು ಮುಂದೆ ಹೊರಟರು. ನೀವು ಕೆಲಸ ಬಿಟ್ಟು ಬರುವುದು ಬೇಡ, ನಾನೇ ಹೋಗುತ್ತೇನೆ ಎಂದೆ. "ನೀನು ಸುಮ್ಕಿದ್ದೆ. ಬಾಯಿ ಮಾಡಿದೋಳು ನಾನು" ಎಂದರು.

ಬೇಲಿ ದಾಟಿದರೆ ಶ್ರೀರಾಮಪ್ಪನ ಟೊಮೇಟೊ ತೋಟ. ಬೇಲಿಯ ಪಕ್ಕದ ಮೂರು ಸಾಲು ಮಾತ್ರ ಖಾಲಿ ಬಿದ್ದಿತ್ತು. ಗಿಡ ಕಿತ್ತ ಗುಳಿಗಳು ಹಾಗೇ ಇದ್ದವು. ಗಂಡ ಹೆಂಡತಿ ಇಬ್ಬರೂ ಹಣ್ಣು ಆರಿಸಿ ಕ್ರೇಟಿಗೆ ತುಂಬುತ್ತಿದ್ದರು. ಲಕ್ಷ್ಮೀದೇವಮ್ಮನನ್ನು ಕಂಡು ಶ್ರೀರಾಮಪ್ಪ ಎದ್ದು ನಿಂತ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಮೇ ತಿಂಗಳಿಗಿಂತ ಇನ್ನೂ ಇಳಿದುಹೋಗಿದ್ದ. "ಈ ಹುಡುಗಿ ಏನೋ ಹೇಳ್ತಾಳೆ, ಕೇಳಪ್ಪ" ಎಂದರು ಲಕ್ಷ್ಮೀದೇವಮ್ಮ. ನಾನು ಮತ್ತೆ ಮೊದಲಿನಿಂದ ಹೇಳಿದೆ.

ಅವನ ಹೆಂಡತಿ ವೆಂಕಟಮ್ಮ ನನ್ನ ಮಾತು ಮುಗಿಯಲು ಬಿಡಲಿಲ್ಲ. "ಎರಡ್ ತಿಂಗ್ಳಮ್ಮ! ಎರಡ್ ತಿಂಗ್ಳು ಊರಲ್ಲಿ ತಲೆ ಎತ್ಕೊಂಡ್ ಓಡಾಡ್ಲಿಲ್ಲ ಈ ಮನುಷ್ಯ. ಓದಿದೋರು ನೀವು!" ಅವರು ಬೈದದ್ದನ್ನೆಲ್ಲ ಬರೆಯುವುದಿಲ್ಲ. ಅಷ್ಟೂ ನನಗೆ ಸಲ್ಲಬೇಕಾದದ್ದೇ.

ಶ್ರೀರಾಮಪ್ಪ ಮಾತ್ರ ಬೈಯಲಿಲ್ಲ. ಕ್ರೇಟಿನ ಅಂಚಿನ ಮೇಲೆ ಕುಳಿತ. "ಅಂಟೇ... ಅಂದ್ರೆ, ನಾನ್ ಕೊಂದಿದ್ದಲ್ವಾ?" ಎಂದು ನನ್ನನ್ನಲ್ಲ, ಲಕ್ಷ್ಮೀದೇವಮ್ಮನನ್ನು ಕೇಳಿದ.

"ಅಲ್ಲಪ್ಪ."

"ನಾನೇ ಅನ್ಕೊಂಡೆ ಅಕ್ಕ. ನೀನು ಬೈದಿದ್ದಕ್ಕಲ್ಲ. ಆವತ್ತು ಬೆಳಗ್ಗೆ ಔಷಧಿ ಹೊಡೀವಾಗ ಗಾಳಿ ನೋಡಿದ್ನಾ ಇಲ್ವಾ ಅಂತ ಎಷ್ಟ್ ಯೋಚ್ನೆ ಮಾಡಿದ್ರೂ ನೆನಪಾಗ್ಲಿಲ್ಲ. ನೋಡಿರಲ್ಲ ಅಂತ ಆಯ್ತು. ಅಷ್ಟ್ ಜೀವ ನನ್ ಕೈಯಿಂದ ಹೋಯ್ತಲ್ಲ ಅಂತ, ನಿನ್ ಕಡೆ ಇನ್ನ ಔಷಧೀನೇ ಬೇಡ ಅಂತ, ಈ ಮೂರು ಸಾಲು ಕಿತ್ತಾಕಿದೆ."

ನಾನು ಇಷ್ಟು ದಿನ ಅಂದುಕೊಂಡಿದ್ದು, ನಿರಪರಾಧಿಯೊಬ್ಬ ಅನ್ಯಾಯದ ಮಾತು ಕೇಳಿಸಿಕೊಂಡು ಒಳಗೊಳಗೇ ಕುದಿಯುತ್ತಿದ್ದಾನೆ ಎಂದು. ಅವನು ತನ್ನನ್ನೇ ಅಪರಾಧಿ ಎಂದು ನಂಬಿಬಿಟ್ಟಿದ್ದ. ನನ್ನ ಮೌನ ಅಂಥ ಕೆಲಸ ಮಾಡೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಬಗ್ಗಿ ಅವನ ಪಾದ ಮುಟ್ಟಲು ಹೋದೆ. ಅವನು ಗಾಬರಿಯಾಗಿ ಕಾಲು ಹಿಂದೆಳೆದುಕೊಂಡು, "ವದ್ದು ತಲ್ಲಿ, ಬೇಡ ತಾಯಿ, ಹೆಣ್ಮಕ್ಳು ಕಾಲ್ ಮುಟ್ಬಾರ್ದು" ಎಂದ.

ಕ್ಷಮೆ ಕೇಳುವುದು ಲಕ್ಷ್ಮೀದೇವಮ್ಮನಿಗೆ ಅಭ್ಯಾಸವಿರಲಿಲ್ಲವೆಂದು ತೋರುತ್ತದೆ. "ಊರ್ ಮುಂದೆ ಬೈದೆ, ತಪ್ಪಾಯ್ತು. ಹುಳ ಹಣ್ಣಾಗೈತೆ, ಆಳು ಸಾಲ್ದು. ಬರ್ತೀರಾ, ಇಲ್ವಾ?" ಎಂದರು ಬೇಲಿಯ ಕಡೆ ನೋಡುತ್ತಾ.

ವೆಂಕಟಮ್ಮ ಮುಖ ಗಂಟು ಹಾಕಿಕೊಂಡೇ ಸೆರಗು ಸಿಕ್ಕಿಸಿಕೊಂಡು ಎದ್ದರು. "ಬರ್ದೆ ಏನ್ ಮಾಡೋದು, ಹುಳ ಕಾಯುತ್ತಾ?"

ಹುಳುಮನೆಯ ಹೊಸ್ತಿಲಲ್ಲಿ ಸುಣ್ಣದ ಪುಡಿ ತುಳಿದು, ಕೈ ತೊಳೆದು ಒಳಗೆ ಹೋದೆವು. ನನ್ನನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತಿದ್ದೆ. ಲಕ್ಷ್ಮೀದೇವಮ್ಮ ಒಂದು ತಟ್ಟೆ ನನ್ನ ಕೈಗೆ ಕೊಟ್ಟು, "ಮೆತ್ಗೆ ಹಿಡಿ, ಹಿಸುಕ್ಬೇಡ" ಎಂದರು. ಹಣ್ಣು ಹುಳು ಕೈಗೆ ತಣ್ಣಗೆ, ರೇಷ್ಮೆಯಷ್ಟೇ ನುಣುಪು. ಸಂಜೆ ನಾಲ್ಕರವರೆಗೆ ಎಂಟು ಕೈಗಳ ಜಾಗದಲ್ಲಿ ಹದಿನಾಲ್ಕು ಕೈಗಳು ಕೆಲಸ ಮಾಡಿದವು ಎಂದು ಬರೆಯಹೊರಟೆ, ಎಣಿಸಿದರೆ ಮೊದಲಿದ್ದವು ಆರೇ. ನನ್ನ ಲೆಕ್ಕ ಯಾವಾಗಲೂ ಹೀಗೇ. ಏಳು ಜನ ಸೇರಿ ಕೊನೆಯ ಹುಳುವನ್ನೂ ಚಂದ್ರಿಕೆಗೆ ಬಿಟ್ಟೆವು. ಆಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಮುದ್ದೆ, ಮಸ್ಸೊಪ್ಪು ಉಂಡೆವು. ಅಷ್ಟು ರುಚಿಯಾದ ಊಟ ನಾನು ಉಂಡಿಲ್ಲ.

ಊಟದ ನಡುವೆ ಪ್ರಶಸ್ತಿಯ ವಿಷಯ ಕೇಳಿದೆ. "ಕೊಟ್ರೆ ಈಸ್ಕೋ, ಕೊಡ್ದಿದ್ರೆ ಬಿಡು, ಅದ್ರಲ್ಲಿ ನನ್ದೇನು?" ಎಂದರು ಲಕ್ಷ್ಮೀದೇವಮ್ಮ. "ಆದ್ರೆ ಮೈಕ್ ಕೊಡ್ತಾರಲ್ಲ, ಅದ್ರಲ್ಲಿ ಹೇಳು, ಶ್ರೀರಾಮಪ್ಪಂದು ತಪ್ಪಿಲ್ಲ ಅಂತ." ಸೋಮವಾರ ಮೇಷ್ಟರಿಗೆ ಎಲ್ಲ ತಿಳಿಸಿ, ಮೈಕಿನಲ್ಲಿ ಹಾಗೇ ಹೇಳಿದೆ. ಪ್ರಶಸ್ತಿ ಬೇರೊಬ್ಬಳಿಗೆ ಹೋಯಿತು. ಬೇಸರವಾಗಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ, ಸ್ವಲ್ಪ ಆಯಿತು. ಆದರೆ ಮುಂದಿನ ಶಿಬಿರಕ್ಕೆ ಲೀಡರ್ ಯಾರೆಂದು ಮೇಷ್ಟರು ಕೇಳಿದಾಗ ಹುಡುಗಿಯರು ಮತ್ತೆ ನನ್ನ ಹೆಸರನ್ನೇ ಹೇಳಿದರು. ಮೊದಲು ಕೈ ಎತ್ತಿದವಳು ಶಬಾನಾ. ಯಾರಿಗೆಲ್ಲ ಕೃತಜ್ಞಳಾಗಿರಬೇಕು ಎಂದು ಎಣಿಸಲು ಹೊರಟರೆ ನನ್ನ ಬೆರಳು ಸಾಲುವುದಿಲ್ಲ.

ಆ ಭಾನುವಾರ ಸಂಜೆ ಐದಕ್ಕೆ ಶ್ರೀರಾಮಪ್ಪ ಚಿಂತಾಮಣಿ ಮಂಡಿಗೆ ಟೊಮೇಟೊ ಒಯ್ಯುವ ತನ್ನ ಪುಟ್ಟ ಟೆಂಪೋದಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡ. ಗಾಳಿ ನಿಂತಿತ್ತು, ಎರಡು ಹನಿ ಮಳೆ ಬಿತ್ತು. ಬಸ್ ನಿಲ್ದಾಣದ ಮುಂದೆ ಗಾಡಿ ನಿಲ್ಲಿಸಿ, ನಾವು ಇಳಿದಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಏನಾದರೂ ಬುದ್ಧಿಮಾತು ಹೇಳುತ್ತಾನೆ ಎಂದು ಕೈಕಟ್ಟಿ ನಿಂತೆ.

"ಇವತ್ತು ನಿದ್ದೆ ಬರುತ್ತೆ ತಲ್ಲಿ" ಎಂದ. ಗೇರ್ ಹಾಕಿಕೊಂಡು ಮಂಡಿಯ ಕಡೆ ಹೋದ.